ಪ್ರವಾಸಿಯ ಕ್ಯಾಮೆರಾ: ಮುನ್ನೂರು ಗ್ರಾಮಿನ ಲೆಕ್ಕಾಚಾರ

ಹಂಪಿಗೆ ಹೋಗದವರೂ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಕಂಡಿರುತ್ತಾರೆ. 2017ರಲ್ಲಿ ಚಲಾವಣೆಗೆ ಬಂದ ಆ ನೋಟಿನ ಮೇಲಿನ ರಥಕ್ಕೆ ಶಿಖರವಿಲ್ಲ. ಹಂಪಿಯಲ್ಲಿ ಇಂದು ನಿಂತಿರುವ ರಥಕ್ಕೂ ಇಲ್ಲ. ಆದರೆ 1856ರಲ್ಲಿ ತೆಗೆದ ಛಾಯಾಚಿತ್ರವೊಂದರಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ತೆಗೆದವರು ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ. ಆ ದಿನ ಅವರ ಕ್ಯಾಮೆರಾ ಬಿಡಾರದಲ್ಲೇ ಉಳಿದಿದ್ದರೆ ರಥದ ಆ ಚಿತ್ರ ನಮಗೆ ಸಿಗುತ್ತಿರಲಿಲ್ಲ.

ಬಿಡಾರದಲ್ಲೇ ಬಿಟ್ಟು ಹೋಗಲು ಅವರಿಗೆ ಕಾರಣವೂ ಇತ್ತು. ಗ್ರೀನ್‌ಲಾ ಬಳಸುತ್ತಿದ್ದುದು ಮೇಣ ಸವರಿದ ಕಾಗದದ ನೆಗೆಟಿವ್. ಅದರ ಅಳತೆ ಸುಮಾರು 16 ಅಂಗುಲಕ್ಕೆ 18 ಅಂಗುಲ. ನೆಗೆಟಿವನ್ನು ಹಿಗ್ಗಿಸಿ ಮುದ್ರಿಸುವ ಪದ್ಧತಿ ಆಗಿನ್ನೂ ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ಅದನ್ನು ಒಳಗಿಟ್ಟುಕೊಳ್ಳುವಷ್ಟು ದೊಡ್ಡ ಪೆಟ್ಟಿಗೆಯನ್ನೇ ಹೊರಬೇಕು. ಮುಂದೆ ಗಾಜಿನ ಫಲಕದ ಕಾಲ ಬಂದಾಗ ಹೊರೆ ಇನ್ನೂ ಹೆಚ್ಚಿತು. ಫಲಕಕ್ಕೆ ರಾಸಾಯನಿಕ ಸವರಿ, ಹಸಿ ಆರುವುದರೊಳಗೆ ಚಿತ್ರ ತೆಗೆದು, ಅಲ್ಲೇ ತೊಳೆಯಬೇಕಾಗಿತ್ತು. ಅಂದರೆ ಕ್ಯಾಮೆರಾದ ಹಿಂದೆಯೇ ಕತ್ತಲೆ ಗುಡಾರವೂ ಬರಬೇಕು. 1863ರಿಂದ 1866ರ ನಡುವೆ ಹಿಮಾಲಯದಲ್ಲಿ ಮೂರು ಬಾರಿ ಸಂಚರಿಸಿದ ಸ್ಯಾಮ್ಯುಯೆಲ್ ಬೋರ್ನ್ ಹತ್ತಾರು ಕೂಲಿಗಳ ಸಾಲನ್ನೇ ಕಟ್ಟಿಕೊಂಡು ಹೋಗಿದ್ದ. ಅವನ ಚಿತ್ರಗಳನ್ನು ಮೆಚ್ಚುವವರು ಆ ಹೊರೆಯಾಳುಗಳ ಹೆಗಲನ್ನೂ ಒಮ್ಮೆ ನೆನೆಯುವುದು ಒಳ್ಳೆಯದು.

ಹೊರೆ ಇಳಿಸುವ ದಾರಿ ತೋರಿಸಿದವನು ಒಬ್ಬ ರೋಗಿ. ಜರ್ಮನಿಯ ವೆಟ್ಸ್ಲರ್ ಊರಿನ ಲೈಟ್ಸ್ ಕಂಪೆನಿಯಲ್ಲಿ ತಂತ್ರಜ್ಞನಾಗಿದ್ದ ಆಸ್ಕರ್ ಬಾರ್ನಾಕ್‌ಗೆ ಬೆಟ್ಟ ಸುತ್ತುವ ಹುಚ್ಚು, ಜೊತೆಗೆ ಉಬ್ಬಸ. ಫಲಕದ ಕ್ಯಾಮೆರಾ ಹೊತ್ತು ಏರುವುದು ಅವನಿಂದಾಗದು. ಆತ ಸಿನಿಮಾ ರೀಲನ್ನೇ ಅಡ್ಡಲಾಗಿ ಓಡಿಸಿ, ಎರಡು ಚೌಕಟ್ಟುಗಳನ್ನು ಒಂದು ಮಾಡಿ, 24 ಮಿ.ಮೀ.ಗೆ 36 ಮಿ.ಮೀ. ಅಳತೆಯ ಪುಟ್ಟ ನೆಗೆಟಿವ್ ಪಡೆಯುವ ಕ್ಯಾಮೆರಾವೊಂದನ್ನು 1914ರ ಹೊತ್ತಿಗೆ ಮಾಡಿಕೊಂಡ. ಅದೇ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ನೆಗೆಟಿವ್ ಚಿಕ್ಕದಾಗಲಿ, ಚಿತ್ರವನ್ನು ಆಮೇಲೆ ಹಿಗ್ಗಿಸಿಕೊಂಡರಾಯಿತು ಎಂಬುದು ಬಾರ್ನಾಕ್‌ನ ಲೆಕ್ಕ. ಹಗುರ ಕ್ಯಾಮೆರಾಗಳ ಇಡೀ ಚರಿತ್ರೆ ಈ ಒಂದು ಲೆಕ್ಕದ ಮುಂದುವರಿಕೆ ಎನ್ನಬಹುದು. ಅವನ 24-36ರ ಚೌಕಟ್ಟು ಇಂದಿಗೂ ಅಳತೆಗೋಲಾಗಿ ಉಳಿದಿದೆ. ಅಂಗಡಿಯ ಕ್ಯಾಮೆರಾ ಪೆಟ್ಟಿಗೆಯ ಮೇಲೆ 24-720 ಎಂದು ಬರೆದಿದ್ದರೆ ಅದು ಬಾರ್ನಾಕ್‌ನ ಚೌಕಟ್ಟಿಗೆ ಹೋಲಿಸಿ ಹೇಳಿದ ಲೆಕ್ಕ.

ಹೊರೆಯ ಇನ್ನೊಂದು ಭಾಗ ಮಸೂರಗಳದ್ದು. ಇಡೀ ದೇವಾಲಯಕ್ಕೊಂದು, ಮುಖಚಿತ್ರಕ್ಕೊಂದು, ದೂರದ ಗೋಪುರಕ್ಕೊಂದು ಹೀಗೆ ಮೂರು ಮಸೂರಗಳ ಚೀಲ ಹೊರುತ್ತಿದ್ದವರಿಗೆ ಜೂಮ್ ಎಂಬುದು ವರದಂತೆ ಬಂತು. ಸಿನಿಮಾ ಮತ್ತು ಟೆಲಿವಿಷನ್ನಿನವರು ಅದನ್ನು ಮೊದಲೇ ಬಳಸುತ್ತಿದ್ದರು. ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಕ್ಕೆ ಮೊದಲ ಜೂಮ್ ಮಸೂರ ಬಂದದ್ದು 1959ರಲ್ಲಿ. ಫ್ರಾಂಕ್ ಬ್ಯಾಕ್ ರೂಪಿಸಿದ ಫಾಯ್ಕ್ಟ್‌ಲೆಂಡರ್ ಜೂಮಾರ್ ಅದು, 36ರಿಂದ 82 ಮಿ.ಮೀ. ತನಕ. ಮಸೂರದೊಳಗಿನ ಗಾಜಿನ ಗುಂಪುಗಳು ಒಂದಕ್ಕೊಂದು ಹತ್ತಿರ ದೂರ ಸರಿಯುತ್ತ ಸಂಗಮದೂರವನ್ನು ಬದಲಿಸುವುದು ಇದರ ಗುಟ್ಟು. ಗಾಜು ಹೆಚ್ಚು, ಆದ್ದರಿಂದ ತೂಕವೂ ಹೆಚ್ಚು. ಜೇಬಿನ ಕ್ಯಾಮೆರಾದೊಳಗೇ ಜೂಮ್ ಅಡಗಿಸಿದ ಮೊದಲ ಮಾದರಿ ಪೆಂಟಾಕ್ಸ್ ಜೂಮ್-70 ಬರಲು 1986 ಆಗಬೇಕಾಯಿತು. ನಮ್ಮಲ್ಲಿ ಆಗ ಮದುವೆ ಮನೆಗಳಲ್ಲೂ ಶಾಲಾ ಪ್ರವಾಸಗಳಲ್ಲೂ ಹಾಟ್‌ಷಾಟ್, ಮುಂದೆ ಕೊಡಾಕ್ ಕೆಬಿ-10 ಓಡಾಡುತ್ತಿದ್ದವು. ಅವುಗಳಲ್ಲಿ ಜೂಮ್ ಎಂದರೆ ತೆಗೆಯುವವನು ಎರಡು ಹೆಜ್ಜೆ ಮುಂದೆ ಹೋಗುವುದು, ಅಷ್ಟೇ.

ಎಷ್ಟು ಪಟ್ಟು ಎಂಬ ಮಾಯೆ

ಅಂಗಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಹತ್ತು ಎಕ್ಸ್, ಮೂವತ್ತು ಎಕ್ಸ್ ಎಂಬ ದಪ್ಪ ಅಂಕಿ. ಮೂವತ್ತು ಎಕ್ಸ್ ಎಂದರೆ ವಸ್ತು ಮೂವತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಹಲವರು ತಿಳಿಯುತ್ತಾರೆ. ಅದು ತಪ್ಪು. ಮಸೂರದ ಅತಿ ದೊಡ್ಡ ಸಂಗಮದೂರವನ್ನು ಅತಿ ಚಿಕ್ಕದರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 35ರಿಂದ 350 ಆದರೂ ಹತ್ತು ಎಕ್ಸ್, 25ರಿಂದ 250 ಆದರೂ ಹತ್ತು ಎಕ್ಸ್. ಒಂದರಲ್ಲಿ ದೂರದ ಹಕ್ಕಿ ಹೆಚ್ಚು ಹತ್ತಿರ ಬರುತ್ತದೆ, ಇನ್ನೊಂದರಲ್ಲಿ ಇಕ್ಕಟ್ಟಿನ ಪ್ರಾಕಾರದಲ್ಲಿ ನಿಂತು ಇಡೀ ಗುಡಿಯನ್ನು ಹಿಡಿಯಬಹುದು. ಶ್ರವಣಬೆಳಗೊಳದ ಗೊಮ್ಮಟನ ಮುಂದೆ ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ತಾಗಿಸಿದವರಿಗೆ 25ಕ್ಕೂ 35ಕ್ಕೂ ಇರುವ ಅಂತರ ಚೆನ್ನಾಗಿ ಗೊತ್ತು. ಇನ್ನು ಡಿಜಿಟಲ್ ಜೂಮ್ ಎಂಬುದು ಜೂಮೇ ಅಲ್ಲ. ಫೋಟೊವನ್ನು ಕತ್ತರಿಯಿಂದ ಕತ್ತರಿಸಿ ಉಳಿದ ತುಂಡನ್ನು ಹಿಗ್ಗಿಸಿದಂತೆ ಅದು.

ಹಾಗಾದರೆ ನೋಡಬೇಕಾದ್ದು ಯಾವುದನ್ನು? ಪೆಟ್ಟಿಗೆಯ ಮೇಲೆ ಸಣ್ಣಕ್ಷರದಲ್ಲಿರುವ ಎರಡು ಸಂಗತಿಗಳನ್ನು: ಸೆನ್ಸರಿನ ಅಳತೆ ಮತ್ತು ಎಫ್ ಎಂಬ ಅಕ್ಷರದ ಮುಂದಿನ ಅಂಕಿ.

ಹಿಂದೆ ಫಿಲ್ಮ್ ಇದ್ದ ಜಾಗದಲ್ಲಿ ಈಗ ಸೆನ್ಸರ್ ಇದೆ. ಬಾರ್ನಾಕ್‌ನ ಚೌಕಟ್ಟಿನ ವಿಸ್ತೀರ್ಣ 864 ಚದರ ಮಿ.ಮೀ. ಒಂದು ಇಂಚಿನ ಸೆನ್ಸರ್ ಎಂದು ಮಾರುವ ಕ್ಯಾಮೆರಾದಲ್ಲಿ ಅದು ಕೇವಲ 116 ಚದರ ಮಿ.ಮೀ. ಇದರಲ್ಲಿ ಒಂದು ಇಂಚು ಅಳತೆ ಎಲ್ಲಿಯೂ ಇಲ್ಲ; ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ. ದಾಟದು. ಹಳೆಯ ಟೆಲಿವಿಷನ್ ಕ್ಯಾಮೆರಾಗಳ ಕೊಳವೆಯ ಹೊರ ವ್ಯಾಸದಿಂದ ಬಂದ ಹೆಸರದು. ಕೊಳವೆ ಹೋಯಿತು, ಹೆಸರು ಮಾತ್ರ ಉಳಿದು ಗಿರಾಕಿಯನ್ನು ದಾರಿ ತಪ್ಪಿಸುತ್ತಿದೆ. 1/2.3 ಇಂಚು ಎಂದು ಬರೆದಿರುವ ಅಗ್ಗದ ಜೂಮ್ ಕ್ಯಾಮೆರಾಗಳಲ್ಲಂತೂ ಸೆನ್ಸರಿನ ವಿಸ್ತೀರ್ಣ ಸುಮಾರು 28 ಚದರ ಮಿ.ಮೀ., ಬೆರಳಿನ ಉಗುರಿಗಿಂತ ಚಿಕ್ಕದು.

ಅಂಗೈಯಗಲದ ಕ್ಯಾಮೆರಾಕ್ಕೆ 720 ಮಿ.ಮೀ.ನ ದೂರದೃಷ್ಟಿ ಬಂದದ್ದು ಈ ಚಿಕ್ಕತನದಿಂದಲೇ. ಅದರ ಮಸೂರದ ನಿಜವಾದ ಸಂಗಮದೂರ 720 ಅಲ್ಲ, ಸುಮಾರು 129 ಮಿ.ಮೀ. ಸೆನ್ಸರ್ ಚಿತ್ರದ ನಡುವಿನ ಚೂರನ್ನಷ್ಟೇ ಹಿಡಿಯುವುದರಿಂದ ಅದು 720ರಂತೆ ಕೆಲಸ ಮಾಡುತ್ತದೆ. ಎಫ್ 6.4ರಲ್ಲಿ ಬೆಳಕು ಒಳಹೋಗುವ ಕಿಂಡಿಯ ಅಗಲ 20 ಮಿ.ಮೀ. ಸಾಕು. ಬಾರ್ನಾಕ್‌ನ ಚೌಕಟ್ಟಿನಲ್ಲಿ ಅದೇ ಕೆಲಸ ಮಾಡಬೇಕಾದರೆ ಮಸೂರದ ಬಾಯಿ 11 ಸೆಂ.ಮೀ.ಗೂ ಹೆಚ್ಚಿರಬೇಕು. ಅಂಥದ್ದನ್ನು ಕುತ್ತಿಗೆಗೆ ತೂಗಿಹಾಕಿಕೊಂಡು ಯಾರೂ ಮುಳ್ಳಯ್ಯನಗಿರಿ ಹತ್ತಲಾರರು.

ಆದರೆ ಬೆಳಕಿನ ಲೆಕ್ಕ ಪುಕ್ಕಟೆಯಾಗಿ ಚುಕ್ತಾ ಆಗುವುದಿಲ್ಲ. ಮಳೆನೀರು ಹಿಡಿಯಲು ಅಂಗಳದಲ್ಲಿ ಲೋಟ ಇಟ್ಟವನಿಗೂ ಕೊಪ್ಪರಿಗೆ ಇಟ್ಟವನಿಗೂ ಇರುವ ವ್ಯತ್ಯಾಸವೇ ಸಣ್ಣ ಸೆನ್ಸರಿಗೂ ದೊಡ್ಡದಕ್ಕೂ ಇದೆ. ಬಿಸಿಲಿನಲ್ಲಿ ಲೋಟವೂ ತುಂಬುತ್ತದೆ. ಸಂಜೆಯಾದಂತೆ ಲೋಟದಲ್ಲಿ ಹನಿ ಮಾತ್ರ. ಆಗ ಕ್ಯಾಮೆರಾ ಇರುವ ಹನಿಯನ್ನೇ ಹಿಗ್ಗಿಸಿ ತೋರಿಸುತ್ತದೆ, ಚಿತ್ರದ ತುಂಬ ರವೆ ಚೆಲ್ಲಿದಂತಾಗುತ್ತದೆ.

ಬೇಲೂರಿನಲ್ಲಿ ಎರಡು ಪರೀಕ್ಷೆ

ಪ್ರವಾಸದ ಕ್ಯಾಮೆರಾವನ್ನು ಪರೀಕ್ಷಿಸಲು ಬೇಲೂರಿನ ಚೆನ್ನಕೇಶವ ದೇವಾಲಯದಷ್ಟು ಅನುಕೂಲದ ಜಾಗ ಅಪರೂಪ. 1117ರಲ್ಲಿ ಪ್ರತಿಷ್ಠೆಯಾದ, 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಈ ಗುಡಿ ಹೊರಗೊಂದು, ಒಳಗೊಂದು ಪ್ರಶ್ನೆ ಕೇಳುತ್ತದೆ.

ಹೊರಗಿನ ಪ್ರಶ್ನೆ ದೂರದ್ದು. ಮದನಿಕೆಯರು ಸೂರಿನ ಕೆಳಗೆ, ತಲೆಯೆತ್ತಿ ನೋಡುವ ಎತ್ತರದಲ್ಲಿದ್ದಾರೆ. ದರ್ಪಣ ಸುಂದರಿಯ ಕೈಯ ಕನ್ನಡಿ, ಅವಳ ಬಳೆಯ ಕುಸುರಿ ಬರಿಗಣ್ಣಿಗೆ ಪೂರ್ತಿ ದಕ್ಕುವುದಿಲ್ಲ. ಒಂದು ಮೀಟರ್ ಎತ್ತರದ ಶಿಲ್ಪ ಆರು ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಕ್ಯಾಮೆರಾವನ್ನು ಉದ್ದುದ್ದ ಹಿಡಿದರೆ 200 ಮಿ.ಮೀ. ಮಸೂರ ಆ ಶಿಲ್ಪವನ್ನು ಚೌಕಟ್ಟಿನ ತುಂಬ ತರುತ್ತದೆ. ಅಂದರೆ ಶಿಲ್ಪ ನೋಡಲು ಹೋಗುವವರಿಗೆ 720ರ ಅಗತ್ಯವಿಲ್ಲ, 200 ಸಾಕು. 720 ಬೇಕಾಗುವುದು ರಂಗನತಿಟ್ಟಿನ ದೋಣಿಯಲ್ಲಿ. ಇಪ್ಪತ್ತು ಮೀಟರ್ ದೂರದ ಬಂಡೆಯ ಮೇಲಿನ ಕೊಕ್ಕರೆಯ ಸುತ್ತ ಒಂದು ಮೀಟರಿನಷ್ಟು ಜಾಗವನ್ನು ಮಾತ್ರ ಹಿಡಿಯಲು ಆ ದೃಷ್ಟಿ ಬೇಕು.

ಒಳಗಿನ ಪ್ರಶ್ನೆ ಕತ್ತಲೆಯದ್ದು. ನವರಂಗದ ಕಂಬಗಳು, ನಡುವಿನ ಭುವನೇಶ್ವರಿ, ಎಲ್ಲವೂ ಮಬ್ಬಿನಲ್ಲಿ. ಇಲ್ಲಿ ಮಾತನಾಡುವುದು ಎಫ್ ಅಂಕಿ. ಅದು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8ರ ಮಸೂರ ಎಫ್ 2.8ರದಕ್ಕಿಂತ ಎರಡೂವರೆ ಪಟ್ಟಿಗೆ ಸಮೀಪದಷ್ಟು ಬೆಳಕು ಬಿಡುತ್ತದೆ, ಎಫ್ 3.3ರದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಬೇಕಾಗಿರುವುದರಿಂದ ಕೈಯಲ್ಲೇ ಹಿಡಿದು ತೆಗೆಯಬೇಕು. ಕೈ ನಡುಗುತ್ತದೆ. ಇದಕ್ಕೆ ಮದ್ದಾಗಿ ನಿಕಾನ್ ಕಂಪೆನಿ 1994ರಲ್ಲೇ ತನ್ನ ಜೂಮ್ 700ವಿಆರ್ ಎಂಬ ಫಿಲ್ಮ್ ಕ್ಯಾಮೆರಾದಲ್ಲಿ ನಡುಕ ತಡೆಯುವ ಮಸೂರ ಅಳವಡಿಸಿತ್ತು. ಈಗ ಬಹುಪಾಲು ಜೂಮ್ ಕ್ಯಾಮೆರಾಗಳಲ್ಲಿ ಅದಿದೆ. ಆದರೆ ಅದು ತಡೆಯುವುದು ತೆಗೆಯುವವನ ಕೈನಡುಕವನ್ನು, ಎದುರಿನವರ ಚಲನೆಯನ್ನಲ್ಲ. ಅಲುಗದ ಕಂಬಕ್ಕೆ ಅದು ಸಾಕು. ರಾತ್ರಿಯ ಯಕ್ಷಗಾನದಲ್ಲಿ ಧಿಗಿಣ ಹಾಕುತ್ತಿರುವ ವೇಷಧಾರಿಯ ಮುಂದೆ ಅದು ಕೈಚೆಲ್ಲುತ್ತದೆ.

ದೂರವೂ ಬೇಕು, ಕತ್ತಲೆಯಲ್ಲೂ ಕಾಣಬೇಕು, ಹೆಗಲಿಗೂ ಹಗುರವಾಗಿರಬೇಕು ಎಂದು ಕೇಳುವ ಗಿರಾಕಿಗೆ ಯಾವ ಕಂಪೆನಿಯೂ ಮೂರನ್ನೂ ಕೊಟ್ಟಿಲ್ಲ. ಸುಮಾರು ಮುನ್ನೂರು ಗ್ರಾಂ ತೂಗುವ ಕೆಲವು ಕ್ಯಾಮೆರಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಎದ್ದು ಕಾಣುತ್ತದೆ. ಸೋನಿಯ ಆರ್‌ಎಕ್ಸ್-100 ಸರಣಿಯ ಮೂರನೆಯ ಮಾದರಿ 2014ರದ್ದು, ತೂಕ 290 ಗ್ರಾಂ, ಒಂದು ಇಂಚಿನ ಸೆನ್ಸರ್. ಮಸೂರ 24ರಿಂದ 70, ಎಫ್ 1.8ರಿಂದ 2.8. ಅದೇ ಸರಣಿಯ ಆರನೆಯದು 2018ರದ್ದು, ಸೆನ್ಸರಿನ ಅಳತೆ ಅದೇ, ತೂಕ ಹನ್ನೊಂದು ಗ್ರಾಂ ಹೆಚ್ಚು. ಮಸೂರ 24ರಿಂದ 200ಕ್ಕೆ ಹಿಗ್ಗಿದೆ, ಎಫ್ ಮಾತ್ರ 2.8ರಿಂದ 4.5ಕ್ಕೆ ಇಳಿದಿದೆ. ಅದೇ 2018ರ ಪ್ಯಾನಾಸೋನಿಕ್ ಟಿಜೆಡ್-200 ಇನ್ನಷ್ಟು ಮುಂದೆ ಹೋಗಿ 340 ಗ್ರಾಮಿನಲ್ಲಿ 360 ಮಿ.ಮೀ. ಕೊಟ್ಟಿತು, ಎಫ್ 3.3ರಿಂದ 6.4. ಅದೇ ಕಂಪೆನಿಯ 2025ರ ಟಿಜೆಡ್-99 ಸುಮಾರು 320 ಗ್ರಾಮಿನಲ್ಲಿ 720ಕ್ಕೆ ಏರಿತು. ಅದಕ್ಕಾಗಿ ಒಂದು ಇಂಚಿನ ಸೆನ್ಸರನ್ನು ಬಿಟ್ಟು ನಾಲ್ಕನೇ ಒಂದು ಪಾಲಿನ ಸೆನ್ಸರಿಗೆ ಬರಬೇಕಾಯಿತು. ಎಲ್ಲ ಕ್ಯಾಮೆರಾಗಳಲ್ಲೂ ತೂಕ ಹೆಚ್ಚು ಕಡಿಮೆ ಅಷ್ಟೇ. ಆ ಮುನ್ನೂರು ಗ್ರಾಮನ್ನು ಬೆಳಕಿಗೆ ಖರ್ಚು ಮಾಡಬೇಕೋ ದೂರಕ್ಕೆ ಖರ್ಚು ಮಾಡಬೇಕೋ ಎಂಬುದನ್ನು ಕೊಳ್ಳುವವರೇ ತೀರ್ಮಾನಿಸಬೇಕು.

ಮಿತಿ ಮೀರಿದವರೂ ಇದ್ದಾರೆ. ನಿಕಾನಿನ ಪಿ-1000 ಎಂಬ 2018ರ ಮಾದರಿ 3000 ಮಿ.ಮೀ. ತನಕ ಹೋಗುತ್ತದೆ. ಚಂದ್ರನ ಕುಳಿಗಳು ಚೌಕಟ್ಟು ತುಂಬುತ್ತವೆ. ತೂಕ 1,415 ಗ್ರಾಂ. ಅದನ್ನು ಹೊತ್ತವರನ್ನು ಚಂದ್ರಯಾತ್ರಿಗಳು ಎನ್ನಬಹುದೇ ಹೊರತು ಹಗುರ ಪ್ರವಾಸಿಗಳು ಎನ್ನಲಾಗದು. ಮಸೂರ ಕಳಚುವ ಕ್ಯಾಮೆರಾವೇ ಬೇಕೆನ್ನುವವರಿಗೆ ಮೈಕ್ರೋ ಫೋರ್ ಥರ್ಡ್ಸ್ ಎಂಬ ಮಧ್ಯಮ ಅಳತೆಯ ಸೆನ್ಸರ್ ಇದೆ, ಒಂದು ಇಂಚಿನದಕ್ಕಿಂತ ಸುಮಾರು ಎರಡರಷ್ಟು ದೊಡ್ಡದು. ಒಲಿಂಪಸ್‌ನ 14-150 ಮಸೂರ 285 ಗ್ರಾಂ, ಸಣ್ಣ ಬಾಡಿಯೊಂದನ್ನು ಸೇರಿಸಿದರೆ ಏಳುನೂರರ ಆಸುಪಾಸು.

ಫೋನು ಕಸಿದುಕೊಂಡದ್ದು

ಇಷ್ಟೆಲ್ಲ ಹೇಳಿದ ಮೇಲೆ, ಕ್ಯಾಮೆರಾ ಏಕೆ, ಫೋನ್ ಇಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಜಗತ್ತು ಆ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟುಬಿಟ್ಟಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿಗಳ ಪ್ರಕಾರ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟಿದ್ದವು. 2023ರಲ್ಲಿ ಹೊರಟದ್ದು ಸುಮಾರು 77 ಲಕ್ಷ. ಅದರಲ್ಲಿ ಮಸೂರ ಕಳಚಲಾಗದ ಬಗೆಯವು, ಅಂದರೆ ಇಲ್ಲಿ ಹೇಳುತ್ತಿರುವ ಜೂಮ್ ಕ್ಯಾಮೆರಾಗಳೂ ಸೇರಿ, ಬರೀ 17 ಲಕ್ಷ ಚಿಲ್ಲರೆ.

ಫೋನು ಗೆದ್ದದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಕತ್ತಲೆಯಲ್ಲಿ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಕೂಡಿಸಿ, ರವೆಯನ್ನು ಜರಡಿ ಹಿಡಿದು ಕೊಡುತ್ತದೆ. ನವರಂಗದ ಕಂಬದಂಥ ನಿಶ್ಚಲ ವಸ್ತುವಿನಲ್ಲಿ ಒಳ್ಳೆಯ ಫೋನು ಸಣ್ಣ ಸೆನ್ಸರಿನ ಜೂಮ್ ಕ್ಯಾಮೆರಾವನ್ನು ಸುಲಭವಾಗಿ ಸೋಲಿಸುತ್ತದೆ. ಅಗಲದ ನೋಟದಲ್ಲೂ ಗೊಮ್ಮಟನ ಮುಂದೆ ಫೋನೇ ಮೇಲು. ದೂರಕ್ಕೆ ಬಂದಾಗ ಕತೆ ಬೇರೆ. ತೆಳು ಫೋನಿನೊಳಗೆ ಉದ್ದ ಮಸೂರಕ್ಕೆ ಜಾಗವಿಲ್ಲ. ಬೆಳಕನ್ನು ಪಟ್ಟಕದಿಂದ ತಿರುಗಿಸಿ ಫೋನಿನ ಅಡ್ಡಕ್ಕೆ ಹಾಯಿಸುವ ಉಪಾಯದಿಂದ 2019ರ ಹುವಾವೆ ಪಿ-30 ಪ್ರೊ, ಆಮೇಲೆ ಇತರ ಕೆಲವು ಫೋನುಗಳು ಐದು ಪಟ್ಟು, ಎಂದರೆ 120 ಮಿ.ಮೀ. ಆಸುಪಾಸಿನ ತನಕ ಬಂದವು. ನೂರು ಪಟ್ಟು ಎಂಬ ಜಾಹೀರಾತಿನಲ್ಲಿ ಬಹುಪಾಲು ಕತ್ತರಿಯ ಕೆಲಸ.

ಆದ್ದರಿಂದ ಜೇಬಿನಲ್ಲಿ ಒಳ್ಳೆಯ ಫೋನ್ ಇರುವವರು 24-70ರ ಕ್ಯಾಮೆರಾ ಕೊಂಡು ಗಳಿಸುವುದು ಅಷ್ಟಕ್ಕಷ್ಟೆ. ಯಕ್ಷಗಾನ, ಭೂತಕೋಲಗಳ ರಾತ್ರಿಗಳೇ ಅವರ ಪ್ರವಾಸವಾದರೆ ಮಾತ್ರ ಅದು ಸಾರ್ಥಕ. ಹೊಯ್ಸಳ, ಚಾಲುಕ್ಯ ಗುಡಿಗಳ ಸುತ್ತಾಟದವರಿಗೆ ಒಂದು ಇಂಚಿನ ಸೆನ್ಸರಿನ 200 ಅಥವಾ 360ರ ಜೂಮ್ ಸರಿಯಾದ ಜೋಡಿ. ಹಗಲಿನ ಹಕ್ಕಿ, ದೂರದ ಬೆಟ್ಟ, ಕಬಿನಿಯ ದಡದ ಆನೆ ಎನ್ನುವವರು 720ರದನ್ನು ಕೊಳ್ಳಲಿ. ಆದರೆ ಸೂರ್ಯ ಮುಳುಗಿದ ಮೇಲೆ ಅದನ್ನು ಚೀಲಕ್ಕೆ ಹಾಕಿ ಫೋನು ತೆಗೆಯಲಿ.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಜೂಮನ್ನು ತುದಿಗೆ ಎಳೆದು ನಾಲ್ಕಾರು ಚಿತ್ರ ತೆಗೆದು, ಹಿಗ್ಗಿಸಿ ನೋಡಬೇಕು. ಅಂಗಡಿಯ ದೀಪದಲ್ಲೇ ಅದರ ಬಂಡವಾಳ ಬಯಲಾಗುತ್ತದೆ. ಕಣ್ಣಿಗೆ ಹಿಡಿದು ನೋಡುವ ವ್ಯೂಫೈಂಡರ್ ಇದೆಯೇ ಎಂದು ನೋಡುವುದು ಒಳ್ಳೆಯದು. ಹಂಪಿಯ ಏಪ್ರಿಲ್ ಬಿಸಿಲಿನಲ್ಲಿ ಹಿಂಬದಿಯ ಪರದೆಯಲ್ಲಿ ತೆಗೆಯುವವನ ಮುಖವೇ ಕಾಣುತ್ತದೆ ಹೊರತು ರಥವಲ್ಲ. ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಹಿಡಿದರೆ ಕೈನಡುಕವೂ ಕಡಿಮೆ. ಚಾಚಿ ಮಡಚುವ ಮಸೂರದೊಳಕ್ಕೆ ದೂಳು ಹೋದರೆ ಒರೆಸಲು ಬಾರದು, ಬಿಚ್ಚಿಸಬೇಕು. ಗಾಳಿ ಬೀಸುವಾಗ ಜೂಮ್ ಚಾಚಿಟ್ಟುಕೊಂಡು ನಡೆಯುವುದು ಬೇಡ.

ಮೇಲೆ ಹೇಳಿದ ಹಳೆಯ ಮಾದರಿಗಳು ಸೆಕೆಂಡ್ ಹ್ಯಾಂಡ್ ಆಗಿ ಕೈಬದಲಾಗುವುದೇ ಹೆಚ್ಚು. ಮಲೆನಾಡು, ಕರಾವಳಿಯಲ್ಲಿದ್ದ ಕ್ಯಾಮೆರಾ ಎಂದಾದರೆ ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ನಾಲ್ಕು ತಿಂಗಳ ಮಳೆಯ ತೇವದಲ್ಲಿ, ಮುಚ್ಚಿಟ್ಟ ಚರ್ಮದ ಚೀಲದೊಳಗೆ, ಮಸೂರದ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಜೂಮನ್ನು ಪೂರ್ತಿ ಚಾಚಿ, ಟಾರ್ಚನ್ನು ಓರೆಯಾಗಿ ಹಿಡಿದು ಗಾಜಿನೊಳಗೆ ನೋಡಬೇಕು. ಜೇಡರಬಲೆಯ ಎಳೆಯಂಥದ್ದು ಒಂದು ಕಂಡರೂ ಬೆಲೆ ಎಷ್ಟು ಎಂದು ಕೇಳದೆ ಕ್ಯಾಮೆರಾವನ್ನು ಹಿಂದಕ್ಕೆ ಕೊಡಬಹುದು.